ಹಳೇ ಗಾಜಿನ ಅಕ್ವೇರಿಯಂ: ಹಾಗೇ ಬಳಸೋದಾ, ಸಿಲಿಕೋನ್ ಬದಲಿಸೋದಾ, ಬಿಚ್ಚಿ ಕಟ್ಟೋದಾ?

ಓಎಲ್‌ಎಕ್ಸ್‌ನಲ್ಲಿ ಹುಡುಕಿದರೆ ಮೂರಡಿ ಟ್ಯಾಂಕು, ಸ್ಟ್ಯಾಂಡು, ಮುಚ್ಚಳ, ಫಿಲ್ಟರ್ ಎಲ್ಲಾ ಸೇರಿ ಹೊಸದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಬಾಡಿಗೆ ಮನೆ ಬದಲಿಸುವವರು, ಮಕ್ಕಳಿಗೆ ಮೀನಿನ ಹುಚ್ಚು ಇಳಿದ ಮನೆಯವರು ಸುಮ್ನೆ ಕೊಟ್ಟುಬಿಡುವುದೂ ಉಂಟು. ಮಾರುವವರ ಮಾತು ಹೆಚ್ಚುಕಡಿಮೆ ಒಂದೇ: "ಲೀಕ್ ಏನೂ ಇಲ್ಲ ಸಾರ್, ಮೊನ್ನೆ ತನಕ ನೀರಿತ್ತು." ಅವರು ಸುಳ್ಳು ಹೇಳುತ್ತಿಲ್ಲದೇ ಇರಬಹುದು. ಆದರೆ ಮೊನ್ನೆ ನೀರು ಹಿಡಿದಿದ್ದ ಟ್ಯಾಂಕು ಗೂಡ್ಸ್ ಆಟೋದಲ್ಲಿ ಕುಲುಕಾಡಿ, ಇಬ್ಬರ ಕೈಯಲ್ಲಿ ಓರೆಕೋರೆಯಾಗಿ ಮಹಡಿ ಹತ್ತಿದ ಮೇಲೆ ಇವತ್ತೂ ಹಿಡಿಯುತ್ತದೆ ಅಂತ ನಂಬುವ ಹಾಗಿಲ್ಲ.

ನಿಮ್ಮ ಮುಂದೆ ಐದು ದಾರಿ ಇವೆ. ನೀರು ತುಂಬಿ ನೋಡಿ, ಸೋರದಿದ್ದರೆ ಹಾಗೇ ಬಳಸುವುದು. ಸೋರುವ ಕಡೆ ಮಾತ್ರ ತೇಪೆ ಹಾಕುವುದು. ಒಳಗಿನ ಸಿಲಿಕೋನ್ (ಗಾಜುಗಳನ್ನು ಕೂಡಿಸುವ ರಬ್ಬರಿನಂಥ ಅಂಟು) ಪೂರ್ತಿ ಕೆರೆದು ಹೊಸದು ಹಾಕುವುದು, ಅಂದರೆ ರೀಸೀಲ್. ಗಾಜುಗಳನ್ನೇ ಬಿಡಿಸಿ ಮತ್ತೆ ಕಟ್ಟುವುದು. ಕೊನೆಗೆ, ಇದರ ಸಹವಾಸವೇ ಬೇಡ ಅಂತ ಹೊಸದು ಕೊಳ್ಳುವುದು. ಎಷ್ಟು ವರ್ಷ ಹಳೆಯದು ಅಂತ ಕೇಳಿ ತೀರ್ಮಾನ ಮಾಡಬೇಡಿ. ಹತ್ತು ವರ್ಷದ ಗಟ್ಟಿ ಟ್ಯಾಂಕೂ ಇದೆ, ಎರಡೇ ವರ್ಷಕ್ಕೆ ಅಂಟು ಬಿಟ್ಟದ್ದೂ ಇದೆ. ನೋಡಬೇಕಾದ್ದು ಎರಡು: ಗಾಜು ಗಾಜಿನ ನಡುವಿನ ಅಂಟು ಹೇಗಿದೆ, ನೀರು ಎಷ್ಟು ಎತ್ತರ ನಿಲ್ಲುತ್ತದೆ.

ಮೊದಲು ಮೂಲೆ ನೋಡಿ

ಟ್ಯಾಂಕಿನ ಪ್ರತಿ ಮೂಲೆಯಲ್ಲೂ ಸಿಲಿಕೋನ್ ಎರಡು ಕಡೆ ಇರುತ್ತದೆ. ಎರಡು ಗಾಜುಗಳ ನಡುವೆ ಸಿಕ್ಕಿಕೊಂಡಿರುವ ತೆಳು ಪದರ ಒಂದು. ದಪ್ಪ ಒಂದೆರಡು ಮಿಲಿಮೀಟರ್ ಅಷ್ಟೇ. ಆದರೆ ಟ್ಯಾಂಕನ್ನು ಹಿಡಿದು ನಿಲ್ಲಿಸಿರುವುದು ಇದೇ. ಇನ್ನೊಂದು, ಒಳಮೂಲೆಯಲ್ಲಿ ಬೆರಳಿನಿಂದ ಸವರಿದ ಹಾಗೆ ಕಾಣುವ ಪಟ್ಟಿ. ನಡುವಿನ ಅಂಟಿಗೆ ನೀರು, ಪಾಚಿ, ಉಜ್ಜುವ ಬ್ಲೇಡು ತಾಗದಂತೆ ಕಾಯುವುದು ಇದರ ಕೆಲಸ. ಮೊದಲನೆಯದನ್ನು ನಡುವಿನ ಅಂಟು ಅನ್ನೋಣ, ಎರಡನೆಯದನ್ನು ಒಳಪಟ್ಟಿ ಅನ್ನೋಣ.

ರೀಸೀಲ್ ಮಾಡಿದಾಗ ಬದಲಾಗುವುದು ಒಳಪಟ್ಟಿ ಮಾತ್ರ. ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ. ನಡುವಿನ ಅಂಟೇ ಬಿಟ್ಟಿದ್ದರೆ ಒಳಪಟ್ಟಿಯನ್ನು ಬೆರಳು ದಪ್ಪ ಹಾಕಿದರೂ ಟ್ಯಾಂಕು ಗಟ್ಟಿಯಾಗುವುದಿಲ್ಲ. ಸೋರಿಕೆ ಸ್ವಲ್ಪ ದಿನ ನಿಲ್ಲುತ್ತದೆ, ಅಷ್ಟೇ. ಆಮೇಲೆ ಸೋರುವುದಲ್ಲ, ಗಾಜೇ ಕಳಚಿಕೊಳ್ಳುವ ಅಪಾಯ ಇರುತ್ತದೆ.

ಹಾಗಾಗಿ ಟ್ಯಾಂಕು ನೋಡಲು ಹೋಗುವಾಗ ಒಂದು ಟಾರ್ಚ್ ಇಟ್ಟುಕೊಂಡು ಹೋಗಿ. ಹೊರಗಿನಿಂದ, ಗಾಜಿನ ಅಂಚಿನ ಮೂಲಕ ನಡುವಿನ ಅಂಟನ್ನು ನೋಡಿ. ಚೆನ್ನಾಗಿ ಹಿಡಿದಿದ್ದರೆ ಮೇಲಿಂದ ಕೆಳಗಿನವರೆಗೂ ಒಂದೇ ಸಮ ಕಾಣುತ್ತದೆ. ಬಿಟ್ಟಿದ್ದರೆ ಅಲ್ಲಿ ಗಾಳಿ ಸೇರಿಕೊಂಡು ಬೆಳ್ಳಗೆ, ಬೆಳ್ಳಿಯ ಹಾಗೆ ಹೊಳೆಯುವ ಕಲೆ ಕಾಣುತ್ತದೆ. ಕಟ್ಟುವಾಗಲೇ ಸಿಕ್ಕಿಕೊಂಡ ಚಿಕ್ಕ ದುಂಡನೆ ಗುಳ್ಳೆಗಳಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಳಗಿನ ಅಂಚಿನಿಂದ ಹೊರಗಿನ ಅಂಚಿನವರೆಗೆ ಒಂದೇ ಗುಳ್ಳೆ ಅಡ್ಡಕ್ಕೆ ಹಾದುಹೋಗಿದ್ದರೆ ಅದು ನೀರಿಗೆ ದಾರಿ.

ಆಮೇಲೆ ಒಳಪಟ್ಟಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿ. ಗಟ್ಟಿಯಾಗಿದ್ದರೆ ಏಳುವುದಿಲ್ಲ. ಸಿಪ್ಪೆಯ ಹಾಗೆ ಎದ್ದು ಬಂದರೆ ರೀಸೀಲ್ ಬೇಕು. ಪಟ್ಟಿಯ ಅಡಿಯಲ್ಲಿ ಹಸಿರು ಪಾಚಿಯ ಗೆರೆ ಕಂಡರೂ ಅಷ್ಟೇ. ಅಂಚು ಎದ್ದಿರದೆ ಪಾಚಿ ಒಳಗೆ ನುಗ್ಗುವುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರು ಕುಡಿದ ಟ್ಯಾಂಕಾದರೆ ಮೂಲೆಗಳಲ್ಲಿ ಬಿಳೀ ಉಪ್ಪು ಕಟ್ಟಿರುತ್ತದೆ. ವಿನೆಗರ್ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಕರಗುತ್ತದೆ. ಒಂದು ವೇಳೆ ಈ ಉಪ್ಪಿನ ಗೆರೆ ಟ್ಯಾಂಕಿನ ಹೊರಗಡೆ, ಕೂಡಿಕೆಯ ಉದ್ದಕ್ಕೂ ಇದ್ದರೆ ಮಾರುವವರ ಮಾತಿಗಿಂತ ಅದನ್ನೇ ಜಾಸ್ತಿ ನಂಬಿ. ನೀರು ಅಲ್ಲಿಂದ ಜಿನುಗಿ ಒಣಗಿದೆ.

ಉದ್ದ ಅಲ್ಲ, ಎತ್ತರ

ಟ್ಯಾಂಕು ಅಂದರೆ ಎಲ್ಲರೂ ಕೇಳುವುದು ಉದ್ದ. ಎರಡಡಿಯಾ, ಮೂರಡಿಯಾ, ನಾಲ್ಕಡಿಯಾ? ಕೂಡಿಕೆಗೆ ಕಷ್ಟ ಕೊಡುವುದು ಉದ್ದಕ್ಕಿಂತ ಎತ್ತರ. ನೀರು ಎಷ್ಟು ಆಳವೋ ತಳದಲ್ಲಿ ಅಷ್ಟು ಒತ್ತಡ.

ಲೆಕ್ಕ ನೋಡಿ. 60 ಸೆಂ.ಮೀ. ಉದ್ದದ ಟ್ಯಾಂಕಿನಲ್ಲಿ 30 ಸೆಂ.ಮೀ. ನೀರಿದ್ದರೆ ಮುಂದಿನ ಗಾಜನ್ನು ನೀರು ಸುಮಾರು 27 ಕಿಲೋ ಭಾರದಷ್ಟು ಹೊರಕ್ಕೆ ತಳ್ಳುತ್ತದೆ. 90 ಸೆಂ.ಮೀ. ಉದ್ದ, 45 ಸೆಂ.ಮೀ. ನೀರು ಅಂದರೆ ಅದು ಸುಮಾರು 91 ಕಿಲೋ. ಅದೇ 90 ಸೆಂ.ಮೀ. ಟ್ಯಾಂಕಿಗೆ 60 ಸೆಂ.ಮೀ. ನೀರು ತುಂಬಿದರೆ 162 ಕಿಲೋ. ಉದ್ದ ಒಂದಿಂಚೂ ಬದಲಾಗಿಲ್ಲ. ಎತ್ತರ ಅರ್ಧ ಅಡಿ ಏರಿದ್ದಕ್ಕೆ ಇಷ್ಟು ವ್ಯತ್ಯಾಸ.

ನಾನು ಇದನ್ನು ಹೀಗೆ ಬಳಸುತ್ತೇನೆ. ಒಂದಡಿ ಎತ್ತರದವರೆಗೆ ಯಾರು ಬೇಕಾದರೂ ಮನೆಯಲ್ಲೇ ಪ್ರಯತ್ನಿಸಬಹುದು. ಒಂದೂವರೆ ಅಡಿವರೆಗೆ, ನಡುವಿನ ಅಂಟು ಗಟ್ಟಿ ಇದ್ದರೆ ಮಾತ್ರ ರೀಸೀಲ್. ಅದಕ್ಕಿಂತ ಎತ್ತರದ ಟ್ಯಾಂಕಿನ ಕೂಡಿಕೆಯಲ್ಲಿ ಬಿಳೀ ಕಲೆ ಕಂಡರೆ ಮನೆಯಲ್ಲಿ ಕೈ ಹಾಕದಿರುವುದೇ ಒಳ್ಳೆಯದು. ಟ್ಯಾಂಕು ಕಟ್ಟುವವರಿಗೆ ಕೊಡಿ, ಇಲ್ಲಾ ಬಿಡಿ. ಗಾಜಿನ ದಪ್ಪವನ್ನೂ ಸ್ಕೇಲ್ ಇಟ್ಟು ನೋಡಿ. ಒಂದೂವರೆ ಅಡಿ ಎತ್ತರಕ್ಕೆ 8 ಮಿ.ಮೀ. ಇದ್ದರೆ ನೆಮ್ಮದಿ. 5 ಮಿ.ಮೀ. ಗಾಜಿನಲ್ಲಿ ಕಟ್ಟಿದ್ದರೆ ಅಂಥದ್ದಕ್ಕೆ ರೀಸೀಲ್ ಮಾಡಿ ಶ್ರಮ ಹಾಳು ಮಾಡಿಕೊಳ್ಳಬೇಡಿ.

ತೇಪೆ ಯಾಕೆ ಬೇಡ

ಐದು ದಾರಿಗಳಲ್ಲಿ ಸುಲಭವಾಗಿ ಕಾಣುವುದು ತೇಪೆ. ಜಿನುಗುವ ಜಾಗಕ್ಕೆ ಒಂದಿಷ್ಟು ಸಿಲಿಕೋನ್ ಬಳಿದರೆ ಆಯ್ತಲ್ಲ? ಆಗುವುದಿಲ್ಲ, ಎರಡು ಕಾರಣಕ್ಕೆ. ಹೊಸ ಸಿಲಿಕೋನ್ ಗಾಜಿಗೆ ಚೆನ್ನಾಗಿ ಅಂಟುತ್ತದೆ, ಒಣಗಿದ ಹಳೇ ಸಿಲಿಕೋನ್‌ಗೆ ಸರಿಯಾಗಿ ಅಂಟುವುದಿಲ್ಲ. ತೇಪೆಯ ಎರಡೂ ತುದಿ ಹಳೇ ಪಟ್ಟಿಯ ಮೇಲೇ ಕೂರುತ್ತವೆ, ನೀರು ಅಲ್ಲಿಂದಲೇ ನುಸುಳುತ್ತದೆ. ಇನ್ನೊಂದು, ಹೊರಗೆ ಹನಿ ಕಂಡ ಜಾಗದಲ್ಲೇ ತೂತು ಇರಬೇಕೆಂದಿಲ್ಲ. ಹಿಂದಿನ ಮೂಲೆಯಲ್ಲಿ ಒಳಹೊಕ್ಕ ನೀರು ಪಟ್ಟಿಯ ಅಡಿಯಲ್ಲೇ ಹರಿದು ಮುಂದಿನ ಮೂಲೆಯಲ್ಲಿ ಹೊರಬರಬಹುದು.

ಹೊರಗಿನಿಂದ ಬಳಿಯುವುದು ಇನ್ನೂ ವ್ಯರ್ಥ. ಒಳಗಿನಿಂದ ಹಾಕಿದ್ದನ್ನು ನೀರೇ ಗಾಜಿಗೆ ಒತ್ತಿ ಹಿಡಿಯುತ್ತದೆ, ಹೊರಗಿನಿಂದ ಹಾಕಿದ್ದನ್ನು ನೀರೇ ಕಿತ್ತು ಹಾಕುತ್ತದೆ. ಎಂ-ಸೀಲ್ ಪೈಪಿಗೆ ಒಳ್ಳೆಯದು, ಇಲ್ಲಿಗಲ್ಲ. ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನೀರು ತುಂಬಿದಾಗ ಗಾಜು ಕೂದಲೆಳೆಯಷ್ಟು ಬಾಗುತ್ತದೆ, ಅದರ ಜೊತೆ ಬಾಗುವ ಗುಣ ಸಿಲಿಕೋನ್‌ಗೆ ಇದೆ, ಎಂ-ಸೀಲ್‌ಗೆ ಇಲ್ಲ.

ರೀಸೀಲ್ ಸಾಕಾ, ಬಿಚ್ಚಿ ಕಟ್ಟಬೇಕಾ

ನಡುವಿನ ಅಂಟು ಚೆನ್ನಾಗಿದ್ದು ಒಳಪಟ್ಟಿ ಮಾತ್ರ ಎದ್ದಿದ್ದರೆ ರೀಸೀಲ್ ಸಾಕು. ನನ್ನ ಲೆಕ್ಕದಲ್ಲಿ ಹಳೇ ಟ್ಯಾಂಕಿಗೆ ಒಳ್ಳೆಯ ದಾರಿ ಇದೇ. ಒಂದು ವಾರಾಂತ್ಯದ ಕೆಲಸ, ಆಮೇಲೆ ಒಂದು ವಾರ ಕಾಯುವುದು. ಖರ್ಚು ಕೆಲವು ನೂರು ರೂಪಾಯಿ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನ ಒಳಮೂಲೆಗಳನ್ನು ಕೂಡಿಸಿದರೆ ಒಟ್ಟು ನಾಲ್ಕೂವರೆ ಮೀಟರ್. ಗನ್ನಿಗೆ (ಸಿಲಿಕೋನ್ ಹೊರಕ್ಕೆ ಒತ್ತುವ ಸಾಧನ) ಹಾಕುವ 280 ಮಿ.ಲೀ. ಟ್ಯೂಬು ಒಂದು ಧಾರಾಳ ಸಾಕು. ಆದರೂ ಎರಡು ತನ್ನಿ. ಅರ್ಧ ಹಾಕಿದ ಮೇಲೆ ಟ್ಯೂಬು ಕೈಕೊಟ್ಟರೆ ಅಂಗಡಿಗೆ ಓಡುವಷ್ಟು ಪುರುಸೊತ್ತು ಸಿಲಿಕೋನ್ ಕೊಡುವುದಿಲ್ಲ.

ಗಾಜುಗಳನ್ನೇ ಬಿಡಿಸಿ ಕಟ್ಟುವುದು ಬೇರೆಯೇ ಕೆಲಸ. ತೆಳು ತಂತಿಯನ್ನು ಗರಗಸದ ಹಾಗೆ ಎಳೆದು ಅಂಟು ಕತ್ತರಿಸಬೇಕು. ಐದೂ ಗಾಜಿನ ಅಂಚು ಚೊಕ್ಕಟ ಮಾಡಬೇಕು. ಆಮೇಲೆ ಎಲ್ಲವನ್ನೂ ಮಟ್ಟಸವಾಗಿ ನಿಲ್ಲಿಸಿ, ನಡುವೆ ಒಂದೆರಡು ಮಿಲಿಮೀಟರ್ ಸಿಲಿಕೋನ್ ಉಳಿಯುವ ಹಾಗೆ ಕೂಡಿಸಬೇಕು. ತುಂಬಾ ಒತ್ತಿದರೆ ಅಂಟೆಲ್ಲಾ ಹೊರಗೆ ಬಂದು ಗಾಜಿಗೆ ಗಾಜೇ ತಾಗುತ್ತದೆ. ಒಬ್ಬರಿಂದ ಆಗದು. ಎರಡಡಿ ಟ್ಯಾಂಕಿಗೆ ಇಷ್ಟೆಲ್ಲಾ ಮಾಡುವುದು ಲಾಭವಲ್ಲ, ಹೊಸದೇ ಅಗ್ಗ. ನಾಲ್ಕಡಿಯ, ದಪ್ಪ ಗಾಜಿನ, ಗೀರಿಲ್ಲದ ಟ್ಯಾಂಕು ಪುಕ್ಕಟೆ ಸಿಕ್ಕಿದ್ದರೆ ಯೋಚಿಸಬಹುದು. ಆಗಲೂ ಗಾಜಿನ ಕೆಲಸ ಗೊತ್ತಿರುವವರು ಜೊತೆಗಿರಲಿ.

ಯಾವ ಟ್ಯೂಬು

ಹಾರ್ಡ್‌ವೇರ್ ಅಂಗಡಿಯಲ್ಲಿ "ಸಿಲಿಕೋನ್ ಕೊಡಿ" ಅಂದರೆ ಕೈಗೆ ಬಂದದ್ದು ಕೊಡುತ್ತಾರೆ. ವ್ಯಾಕರ್, ಡೌಸಿಲ್, ಸೌಡಲ್ ಹೀಗೆ ಹೆಸರುಗಳಿವೆ, ಆದರೆ ಒಂದೇ ಕಂಪನಿ ಹಲವು ಬಗೆ ಮಾರುತ್ತದೆ. ಹೆಸರು ನೋಡಿ ಕೊಳ್ಳಬೇಡಿ, ಟ್ಯೂಬಿನ ಹಿಂದೆ ಓದಿ.

ಅಸಿಟಾಕ್ಸಿ ಬಗೆಯದು ಒಣಗುವಾಗ ವಿನೆಗರ್ ವಾಸನೆ ಬಿಡುತ್ತದೆ. ಗಾಜಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ನಮಗೆ ಬೇಕಾದ್ದು ಇದು. ನ್ಯೂಟ್ರಲ್ ಬಗೆಯದು ಹುಳಿ ವಾಸನೆ ಬಿಡುವುದಿಲ್ಲ. ಲೋಹ, ಕಾಂಕ್ರೀಟು, ಕನ್ನಡಿಗೆ ಅದು ಒಳ್ಳೆಯದು, ಮನೆಯ ಚಿಕ್ಕ ಟ್ಯಾಂಕಿಗೆ ಅದರ ಅಗತ್ಯವಿಲ್ಲ. ಬಾತ್‌ರೂಮಿಗೆ, ಸಿಂಕಿಗೆ ಅಂತ ಮಾರುವ ಫಂಗಸ್ ನಿರೋಧಕ ಸಿಲಿಕೋನ್ ಮಾತ್ರ ಬೇಡವೇ ಬೇಡ. ಬೂಸ್ಟು ಬೆಳೆಯದಂತೆ ಅದರಲ್ಲಿ ವಿಷ ಬೆರೆಸಿರುತ್ತಾರೆ, ಅದು ಮೀನಿಗೂ ವಿಷ. ಟ್ಯೂಬಿನ ಮೇಲೆ ಅಕ್ವೇರಿಯಂಗೆ ಅಂತಲೇ ಬರೆದದ್ದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತನ್ನಿ. ಬೆಂಗಳೂರಿನವರಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಲಿನ ಅಕ್ವೇರಿಯಂ ಅಂಗಡಿಗಳಲ್ಲಿ ಕೇಳುವುದು ಸುಲಭ.

ತಾರೀಕು ನೋಡುವುದನ್ನು ಮರೆಯಬೇಡಿ. ಅವಧಿ ಮುಗಿದ ಸಿಲಿಕೋನ್ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಟ್ಯಾಂಕಿಗೆ ಹಾಕುವ ಹಿಂದಿನ ದಿನ ಒಂದು ಗಾಜಿನ ಚೂರಿನ ಮೇಲೆ ಸ್ವಲ್ಪ ಹಾಕಿಡಿ. ಮರುದಿನ ರಬ್ಬರಿನ ಹಾಗೆ ಆಗಿದ್ದು, ಕೀಳಲು ಹೋದರೆ ಬರದಿದ್ದರೆ ಟ್ಯೂಬು ಸರಿಯಿದೆ.

ಕಪ್ಪೋ ಬಿಳಿಯೋ ಅನ್ನುವುದು ನಿಮ್ಮ ಕಣ್ಣಿಗೆ ಬಿಟ್ಟದ್ದು. ಕಪ್ಪಿನಲ್ಲಿ ಪಾಚಿ ಕಾಣುವುದಿಲ್ಲ, ಆದರೆ ಕೈ ತಪ್ಪಿದ್ದೆಲ್ಲಾ ಎದ್ದು ಕಾಣುತ್ತದೆ.

ಕೆರೆಯುವುದೇ ಅರ್ಧ ಕೆಲಸ

ಹೊಸ ಬ್ಲೇಡಿನಿಂದ ಒಳಪಟ್ಟಿಯನ್ನು ಎರಡೂ ಗಾಜಿನ ಕಡೆಯಿಂದ ಬಿಡಿಸಿ ಎಳೆಯಿರಿ. ಬ್ಲೇಡಿನ ಮೂಲೆ ಗಾಜುಗಳ ನಡುವಿನ ಸಂದಿಗೆ ನುಗ್ಗಬಾರದು, ನಡುವಿನ ಅಂಟನ್ನು ನೀವೇ ಕತ್ತರಿಸಿದ ಹಾಗಾಗುತ್ತದೆ. ಕಣ್ಣಿಗೆ ಕಾಣುವುದೆಲ್ಲಾ ಹೋದ ಮೇಲೂ ಗಾಜಿನ ಮೇಲೆ ತೆಳು ಪೊರೆ ಉಳಿದಿರುತ್ತದೆ. ಬೆರಳು ಎಳೆದರೆ ತಿಳಿಯುತ್ತದೆ. ಬರೀ ಗಾಜಾದರೆ ಜಾರುತ್ತದೆ, ಪೊರೆ ಇದ್ದರೆ ರಬ್ಬರಿನ ಹಾಗೆ ತಡೆಯುತ್ತದೆ. ಮತ್ತೆ ಕೆರೆಯಿರಿ. ಹೊಸ ಪಟ್ಟಿ ಸೋಲುವುದು ಬಹಳ ಸಲ ಈ ಪೊರೆಯಿಂದಲೇ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಶುದ್ಧ ಅಸಿಟೋನ್ ಹಚ್ಚಿ ಒರೆಸಿ. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ. ನೈಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತದೆ, ಅದು ಬೇಡ. ಸೀಮೆಎಣ್ಣೆಯಂತೂ ಬೇಡವೇ ಬೇಡ.

ಮೂಲೆಯ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಬ್ಬರು ಕೂತುಕೊಳ್ಳಿ. ಒಬ್ಬರು ಗನ್ ಹಿಡಿಯಲಿ, ಇನ್ನೊಬ್ಬರು ಹಿಂದೆಯೇ ಬೆರಳಿನಿಂದ ಸವರುತ್ತಾ ಬರಲಿ. ಸಿಲಿಕೋನ್ ಮೇಲ್ಪದರ ಹತ್ತು ಹದಿನೈದು ನಿಮಿಷಕ್ಕೆ ಚರ್ಮ ಕಟ್ಟುತ್ತದೆ. ಅಷ್ಟರೊಳಗೆ ಎಲ್ಲಾ ಮೂಲೆಗಳೂ ಒಂದಕ್ಕೊಂದು ಹಸಿಯಾಗಿಯೇ ಕೂಡಬೇಕು, ಟೇಪೂ ಕಿತ್ತಿರಬೇಕು. "ಇವತ್ತು ಎರಡು ಮೂಲೆ, ನಾಳೆ ಎರಡು" ಅನ್ನುವುದು ತೇಪೆಗೆ ಸಮ.

ಸಿಲಿಕೋನ್ ಒಣಗಲು ಗಾಳಿಯ ತೇವ ಬೇಕು, ಬಿಸಿಲಲ್ಲ. ಮೇಲಿನಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿಲಿಮೀಟರ್ ಲೆಕ್ಕದಲ್ಲಿ ಗಟ್ಟಿಯಾಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಬೇಗ, ಏಪ್ರಿಲ್ ತಿಂಗಳ ರಾಯಚೂರಿನ ಒಣಗಾಳಿಯಲ್ಲಿ ನಿಧಾನ. ಎಲ್ಲಿದ್ದರೂ ಒಂದು ವಾರ ಬಿಡಿ. ಮೂಗು ಹತ್ತಿರ ಒಯ್ದರೆ ಇನ್ನೂ ವಿನೆಗರ್ ವಾಸನೆ ಬರುತ್ತಿದ್ದರೆ ಒಳಗೆ ಹಸಿಯಿದೆ.

ಸೋರಿಕೆ ಪರೀಕ್ಷೆ: ಎಲ್ಲಿ, ಹೇಗೆ, ಎಷ್ಟು ದಿನ

ಹಾಗೇ ಬಳಸುವ ಟ್ಯಾಂಕಿಗೂ ರೀಸೀಲ್ ಆದದ್ದಕ್ಕೂ ಪರೀಕ್ಷೆ ಒಂದೇ. ಎಲ್ಲಿ ಇಡುತ್ತೀರಿ ಅನ್ನುವುದು ಮೊದಲ ಪ್ರಶ್ನೆ. ಮೇಲೆ ಹೇಳಿದ ಮೂರಡಿ ಟ್ಯಾಂಕು 182 ಲೀಟರ್ ಹಿಡಿಯುತ್ತದೆ. 8 ಮಿ.ಮೀ. ಗಾಜಾದರೆ ಗಾಜಿನ ತೂಕವೇ 32 ಕಿಲೋ. ಇನ್ನೂರು ಕಿಲೋ ದಾಟಿತು. ಹಾಲಿನಲ್ಲಿ, ಟಿವಿ ಪಕ್ಕದಲ್ಲಿ ಪರೀಕ್ಷೆ ಬೇಡ. ತಾರಸಿ ಅಂತ ನೆನಪಾಗುತ್ತದೆ, ಆದರೆ ಮಳೆನೀರು ಹರಿಯಲೆಂದು ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ. ಓರೆಯಾಗಿ ನಿಂತ ಟ್ಯಾಂಕಿನ ಒಂದು ಕಡೆಗೆ ಜಾಸ್ತಿ ಭಾರ ಬೀಳುತ್ತದೆ. ಕಾರು ನಿಲ್ಲಿಸುವ ಜಾಗದ ನೆಲ, ನೆರಳಿರುವ ಅಂಗಳ ಇವೇ ವಾಸಿ. ರಸಮಟ್ಟ ಇಟ್ಟು ನೋಡಿ. ಅದಿಲ್ಲದಿದ್ದರೆ ಎರಡಿಂಚು ನೀರು ಹಾಕಿ ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ತಳದ ಗಾಜು ನೇರ ನೆಲಕ್ಕೆ ತಾಗುವ ಟ್ಯಾಂಕಾದರೆ ಅಡಿಗೆ ಥರ್ಮೋಕೋಲ್ ಹಾಸಿ. ಕೆಳಗೆ ಪ್ಲಾಸ್ಟಿಕ್ ಚೌಕಟ್ಟಿದ್ದು, ತಳದ ಗಾಜು ಮೇಲೆ ತೂಗುವಂತಿದ್ದರೆ ಥರ್ಮೋಕೋಲ್ ಬೇಡ. ಅದು ಗಾಜನ್ನು ಮೇಲಕ್ಕೆ ಒತ್ತುತ್ತದೆ.

ನೀರನ್ನು ಒಮ್ಮೆಲೇ ತುಂಬಬೇಡಿ. ಕಾಲು ಭಾಗ ತುಂಬಿ ಕೆಲವು ಗಂಟೆ ನೋಡಿ, ಅರ್ಧ ತುಂಬಿ ಒಂದು ರಾತ್ರಿ ಬಿಡಿ, ಆಮೇಲೆ ಪೂರ್ತಿ. ಸುತ್ತಲೂ ಹಳೇ ಪೇಪರ್ ಹಾಸಿ, ಕೂಡಿಕೆಗಳ ಬುಡಕ್ಕೆ ಟಿಶ್ಯೂ ಒತ್ತಿಡಿ. ಬೆರಳಿಗೆ ತಿಳಿಯದ ತೇವ ಟಿಶ್ಯೂಗೆ ತಿಳಿಯುತ್ತದೆ. ನೀರಿಗೆ ಬಣ್ಣ ಹಾಕುವವರೂ ಇದ್ದಾರೆ. ಟಿಶ್ಯೂ ಇದ್ದರೆ ಅದರ ಅಗತ್ಯ ನನಗೆ ಕಂಡಿಲ್ಲ.

ಗೊಂದಲ ಬರುವುದು ನೀರು ನಾಲ್ಕು ಮಿಲಿಮೀಟರ್ ಇಳಿದು, ಟಿಶ್ಯೂ ಮಾತ್ರ ಒಣಗಿಯೇ ಇದ್ದಾಗ. ಸೋರಿತೋ ಆವಿಯಾಯಿತೋ? ಇದಕ್ಕೆ ಪುಕ್ಕಟೆ ಉಪಾಯ ಇದೆ. ಬದಿ ನೇರ ಇರುವ ಒಂದು ಸ್ಟೀಲ್ ಡಬ್ಬಿಗೆ ಅಂಚಿನ ಹತ್ತಿರದವರೆಗೆ ನೀರು ತುಂಬಿ ಟ್ಯಾಂಕಿನ ಪಕ್ಕದಲ್ಲೇ ಇಡಿ. ಎರಡಕ್ಕೂ ಮುಚ್ಚಳ ಬೇಡ. ಎರಡಕ್ಕೂ ನೀರಿನ ಮಟ್ಟದಲ್ಲಿ ಗುರುತು ಹಾಕಿ. ಡಬ್ಬಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿದ್ದರೆ ಅದು ಆವಿ. ಟ್ಯಾಂಕು ಮಾತ್ರ ಜಾಸ್ತಿ ಇಳಿದಿದ್ದರೆ ಸೋರಿಕೆ.

ಗಾಜಿನ ಮೇಲೆ ಕಾಣುವ ಎಲ್ಲಾ ತೇವವೂ ಸೋರಿಕೆಯಲ್ಲ. ತಣ್ಣನೆ ನೀರು ತುಂಬಿದರೆ ಕರಾವಳಿಯ ತೇವದ ಗಾಳಿಯಲ್ಲಿ ಗಾಜು ಬೆವರುತ್ತದೆ. ಒರೆಸಿ ನೋಡಿ. ಬೆವರಾದರೆ ಗಾಜಿನ ತುಂಬಾ ಮತ್ತೆ ಬರುತ್ತದೆ, ಸೋರಿಕೆಯಾದರೆ ಒಂದೇ ಗೆರೆಯಲ್ಲಿ ಬರುತ್ತದೆ.

ಸೋರುತ್ತಿದೆ, ಎಲ್ಲಿಂದ ಅಂತ ತಿಳಿಯುತ್ತಿಲ್ಲ ಅಂದರೆ ಸೋರಲು ಬಿಡಿ. ನೀರು ತೂತಿನ ಮಟ್ಟಕ್ಕೆ ಇಳಿದು ನಿಲ್ಲುತ್ತದೆ. ಎಂಟಿಂಚಿಗೆ ನಿಂತರೆ ತೂತು ಮೂಲೆಯ ಮೇಲಿಂದ ಕೆಳಗಿನ ಕೂಡಿಕೆಯಲ್ಲಿ, ಎಂಟಿಂಚಿನ ಹತ್ತಿರ. ಪೂರ್ತಿ ಖಾಲಿಯಾದರೆ ತಳದ ಕೂಡಿಕೆಯಲ್ಲಿ.

ಇನ್ನೊಂದು ಅಳತೆಯನ್ನೂ ತೆಗೆದುಕೊಳ್ಳಿ. ನೀರು ತುಂಬುವ ಮುಂಚೆ, ಟ್ಯಾಂಕಿನ ಮೇಲಂಚಿನ ನಟ್ಟನಡುವೆ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಎಷ್ಟು ದೂರ ಅಂತ ಬರೆದಿಡಿ. ತುಂಬಿದ ಮೇಲೆ ಮತ್ತೆ ಅಳೆಯಿರಿ. ದೊಡ್ಡ ಟ್ಯಾಂಕು ಒಂದೆರಡು ಮಿಲಿಮೀಟರ್ ಉಬ್ಬುವುದು ಸಹಜ. ದಿನ ಕಳೆದಂತೆ ಈ ಅಳತೆ ಹೆಚ್ಚುತ್ತಾ ಹೋದರೆ ಮೇಲೆ ಮುಂದಿನ ಹಿಂದಿನ ಗಾಜುಗಳನ್ನು ಹಿಡಿದಿರುವ ಅಡ್ಡಪಟ್ಟಿಯೋ ನಡುವಿನ ಅಂಟೋ ಸೋಲುತ್ತಿದೆ. ಹನಿ ಕಾಣದಿದ್ದರೂ ಕೂಡಲೇ ನೀರು ತೆಗೆಯಿರಿ.

ಎಷ್ಟು ದಿನ? 24 ಗಂಟೆ ಸಾಕು ಅನ್ನುವವರು ಬಹಳ. ದೊಡ್ಡ ಸೋರಿಕೆಗೆ ಸಾಕು. ನಿಧಾನಕ್ಕೆ ಜಿನುಗುವುದು ಎರಡನೇ, ಮೂರನೇ ದಿನ ಕಾಣಿಸಿಕೊಳ್ಳುತ್ತದೆ. ಒಂದಡಿ ಎತ್ತರಕ್ಕೆ ಮೂರು ದಿನ, ಅದಕ್ಕಿಂತ ಎತ್ತರಕ್ಕೆ ಒಂದು ವಾರ ಅಂತ ಇಟ್ಟುಕೊಳ್ಳಿ. ಹಾಗೇ ಬಳಸುವ ಟ್ಯಾಂಕಿನ ನೀರು ಗಿಡಕ್ಕೆ ಹೋಗಲಿ. ರೀಸೀಲ್ ಆದ ಟ್ಯಾಂಕಿನ ಮೊದಲ ನೀರನ್ನು ಟಾಯ್ಲೆಟ್ಟಿಗೋ ನೆಲ ಒರೆಸಲೋ ಬಳಸಿ. 2024ರ ಬೇಸಿಗೆಯಲ್ಲಿ ನೀರಿನ ಅಭಾವ ಕಂಡ ಬೆಂಗಳೂರಿನವರಿಗೆ ಇನ್ನೂರು ಲೀಟರ್ ಚರಂಡಿಗೆ ಬಿಡಲು ಮನಸ್ಸಾಗದು, ಅಲ್ವಾ? ಒಂದು ಮಾತು: ನೀರು ತುಂಬಿದ ಟ್ಯಾಂಕನ್ನು, ಕಾಲು ಭಾಗ ಇದ್ದರೂ, ಎತ್ತಲು ಹೋಗಬೇಡಿ. ಕೂಡಿಕೆ ತಿರುಚಿಕೊಳ್ಳುವುದು ಆಗಲೇ.

ಗಾಜೇ ಬಿರಿದಿದ್ದರೆ

ಅಂಚಿನಲ್ಲಿ ಚೂರು ಎದ್ದಿದ್ದು ಕೂಡಿಕೆವರೆಗೆ ಬರದಿದ್ದರೆ ತೊಂದರೆಯಿಲ್ಲ. ತಳದಲ್ಲೋ ಬದಿಯಲ್ಲೋ ಕೂದಲೆಳೆ ಬಿರುಕಿದ್ದರೆ ಯಾವ ಸಿಲಿಕೋನೂ ಅದಕ್ಕೆ ಮದ್ದಲ್ಲ. ಆ ಗಾಜನ್ನೇ ಬದಲಿಸಬೇಕು, ಅಂದರೆ ಬಿಚ್ಚಿ ಕಟ್ಟಿದಷ್ಟೇ ಕೆಲಸ. ಸಿಲಿಕೋನ್ ಬರುವ ಮುಂಚಿನ, ಕಬ್ಬಿಣದ ಆಂಗಲ್ ಚೌಕಟ್ಟಿಗೆ ಪುಟ್ಟಿ ಹಾಕಿ ಕೂರಿಸಿದ ಅಜ್ಜನ ಕಾಲದ ಟ್ಯಾಂಕು ಸಿಕ್ಕರೂ ಮೀನಿಗೆ ಬೇಡ. ಇಂಥವುಗಳಲ್ಲಿ ಮಣ್ಣು, ಪಾಚಿ, ಜರೀಗಿಡ ಇಟ್ಟು ಗಾಜಿನ ತೋಟ ಮಾಡಬಹುದು. ಅದಕ್ಕೆ ನೀರು ನಿಲ್ಲಿಸುವ ಗೊಡವೆ ಇಲ್ಲ.

ಪರೀಕ್ಷೆ ಗೆದ್ದ ಟ್ಯಾಂಕಿಗೆ ಮೀನು ಬಿಡುವ ಮುಂಚೆ ಮಾರಿದವರನ್ನು ಒಂದು ವಿಷಯ ಕೇಳಿ: ತಾಮ್ರದ ಔಷಧಿ ಯಾವತ್ತಾದರೂ ಹಾಕಿದ್ದರಾ? ಹಾಕಿದ್ದರೆ ಅದರಲ್ಲಿ ಸಿಗಡಿ, ಬಸವನಹುಳು ಸಾಕಬೇಡಿ. ಮೀನಿಗೆ ಆಗುವ ತಾಮ್ರದ ಪ್ರಮಾಣವೂ ಅವಕ್ಕೆ ತಡೆಯುವುದಿಲ್ಲ.